ಮುಳ್ಳುಹಂದಿಯ ಹೂಂ

ಒಂದು ಕಾಡಿನಲ್ಲಿ, ಕೆಂಪು ದಿಬ್ಬದ ಕೆಳಗೆ, ಒಂದು ಬಿಲ ಇತ್ತು. ಒಳ್ಳೆಯ ಬಿಲ. ಎಂಥ ಮಳೆಗೂ ಒಳಗೆ ನೀರು ಬರುತ್ತಿರಲಿಲ್ಲ. ಅದನ್ನು ತೋಡಿದವಳು ಒಂದು ಹೆಣ್ಣು ಮುಳ್ಳುಹಂದಿ. ಗಂಡ ಮಣ್ಣು ಹೊರಗೆ ತಳ್ಳಿದ್ದ, ಅಷ್ಟೇ. ಇಬ್ಬರೂ ಅಲ್ಲೇ ಮುದುಕರಾದರು.

ಒಂದು ದಿನ ಹೆಂಡತಿ ಸತ್ತಳು.

ಗಂಡ ಬಿಲದ ಬಾಯಲ್ಲಿ ಕೂತುಬಿಟ್ಟ. ಯಾರು ಏನು ಕೇಳಿದರೂ ಹೂಂ ಅನ್ನುತ್ತಿದ್ದ.

ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಸಾವಾದ ಮನೆಗೆ ನೆರೆಯವರು ತಿನ್ನಲು ತರಬೇಕು. ಕೊಡುವ ಕೊಳ್ಳುವ ಮಾತು ಅಲ್ಲಿ ಆಡಬಾರದು. ಪಕ್ಕದ ಪೊದೆಯ ಮೊಲ ಬಂದಳು. ಅವಳಲ್ಲಿ ಇದ್ದದ್ದು ಗರಿಕೆ. ಅದನ್ನೇ ತಂದಳು.

"ತಿನ್ನಣ್ಣ."

"ಹೂಂ."

ತಿಂದ. ಏನು ತಿಂದೆ ಅಂತ ನೋಡಲಿಲ್ಲ.

ಅವಳು ಹೋದ ಮೇಲೆ ನರಿ ಬಂದ. ಅವನು ಏನೂ ತಂದಿರಲಿಲ್ಲ.

"ಪಾಪ ಭಾವ, ಈ ಬಿಲ ನೋಡಿದ್ರೆ ಅಕ್ಕನ ನೆನಪೇ ಬರುತ್ತೆ, ಅಲ್ವಾ?"

"ಹೂಂ."

"ಇದನ್ನ ನನಗೆ ಕೊಟ್ಟುಬಿಡು. ನನ್ನ ಕಲ್ಲುಸಂದಿ ನೀನು ತಗೋ. ಆಗಬಹುದಾ?"

"ಹೂಂ."

ಮೇಲಿನ ಕೊಂಬೆಯಲ್ಲಿ ಒಂದು ಗೊರವಂಕ ಕೂತಿತ್ತು. "ಕೇಳಿಸ್ಕೊಂಡೆಯಾ? ನೀನೇ ಸಾಕ್ಷಿ" ಎಂದ ನರಿ.

ಆವತ್ತೇ ನರಿ ಬಿಲ ಸೇರಿದ, ಮುಳ್ಳುಹಂದಿ ಕಲ್ಲುಸಂದಿಗೆ ಹೋದ. ಅಲ್ಲಿ ಅವನಿಗೆ ತಿರುಗಲೂ ಆಗುತ್ತಿರಲಿಲ್ಲ. ಮುಳ್ಳು ಕಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು. ಮೊಲ ಅಲ್ಲಿಗೂ ಗರಿಕೆ ತಂದಳು. ದಿನಾ ತಂದಳು.

ಒಂದು ಬೆಳಿಗ್ಗೆ ಅವನು ಅಗಿಯುವುದನ್ನು ನಿಲ್ಲಿಸಿದ.

"ಏನು ತಂಗಿ ಇದು? ಹುಲ್ಲು! ನಾನು ಗೆಡ್ಡೆ ತಿನ್ನೋನು."

ಮೊಲ ನಕ್ಕಳು. ಕಣ್ಣೂ ಒರೆಸಿಕೊಂಡಳು. "ಅಂತೂ ಬಂದೆಯಲ್ಲ ಅಣ್ಣ. ಇಷ್ಟು ದಿನ ಎಲ್ಲಿ ಹೋಗಿದ್ದೆ?"

ಅವನು ಸುತ್ತ ನೋಡಿದ. "ನಾನು ಇಲ್ಯಾಕಿದ್ದೀನಿ? ಅವಳು ತೋಡಿದ ಬಿಲ ಎಲ್ಲಿ?"

ಗೊರವಂಕದಿಂದ ಕೇಳಿದ್ದನ್ನೆಲ್ಲ ಮೊಲ ಹೇಳಿದಳು. ಇಬ್ಬರೂ ಮುದಿ ಕಾಡೆಮ್ಮೆಯ ಹತ್ತಿರ ಹೋದರು. ಕಾಡಿನ ತಂಟೆ ತೀರಿಸುವವಳು ಅವಳೇ. ನರಿಯನ್ನೂ ಗೊರವಂಕವನ್ನೂ ಕರೆಸಿದಳು.

"ನಾನೇನು ಕಚ್ಚಿದೆನಾ ಅಜ್ಜಿ? ಹೆದರಿಸಿದೆನಾ? ಕೇಳಿದೆ, ಹೂಂ ಅಂದ" ಎಂದ ನರಿ.

"ಹೂಂ ಅಂದದ್ದು ನಿಜ" ಎಂದಿತು ಗೊರವಂಕ.

ಕಾಡೆಮ್ಮೆ ಮೆಲುಕು ಹಾಕುತ್ತಾ ಕೇಳಿದಳು. "ಆ ಬಿಲದ ಮೇಲೆ ನಿನಗೆ ಯಾವಾಗಿಂದ ಆಸೆ?"

"ಮೊದಲಿಂದಲೂ."

"ಮತ್ತೆ ಮೊದಲೇ ಯಾಕೆ ಕೇಳಲಿಲ್ಲ?"

"ಆಗ ಕೇಳಿದ್ರೆ ಮುಳ್ಳು ನಿಮಿರಿಸಿ ಓಡಿಸ್ತಿದ್ದ. ಆವತ್ತು ಗರಿಕೆ ಕೊಟ್ರೂ ತಿಂತಿದ್ದ. ಅದನ್ನ ಮರೆಯಿಂದ ನೋಡೇ ನಾನು..."

ನರಿ ಬಾಯಿ ಮುಚ್ಚಿದ. ಗೊರವಂಕ ಕಿಸಕ್ಕನೆ ನಕ್ಕಿತು.

"ಅವನಿಗೆ ಅವನ ಮೇಲೇ ಗಮನ ಇಲ್ಲ ಅಂತ ಗೊತ್ತಿದ್ದೇ ಕೇಳಿದೆ" ಎಂದಳು ಕಾಡೆಮ್ಮೆ. "ಆ ಹೂಂ ಅವನದಲ್ಲ. ಬಿಲ ಬಿಡು."

ಎಲ್ಲರೂ ಬಿಲದ ಹತ್ತಿರ ಬಂದರು. ನರಿ ಸಿಟ್ಟಿನಿಂದ ಒಳಗೆ ನುಗ್ಗಿದ. ತಾನು ಕೂಡಿಟ್ಟ ಮೂಳೆಗಳನ್ನು ಕಚ್ಚಿಕೊಂಡು ಹೊರಗೆ ಓಡಲು ತಿರುಗಿದ. ಮೂಲೆಯಲ್ಲಿ ಸತ್ತವಳ ಮುಳ್ಳೊಂದು ಉದುರಿ ಬಿದ್ದಿತ್ತು. ಅದು ಪಾದಕ್ಕೆ ಹೊಕ್ಕಿತು. ಮೂಳೆಗಳು ಚೆಲ್ಲಿದವು. ನರಿ ಹೊರಗೆ ಬಂದು ನೆಲದ ಮೇಲೆ ಹೊರಳಾಡಿದ.

"ತೆಗಿ ಭಾವ! ಏನು ಕೇಳಿದ್ರೂ ಕೊಡ್ತೀನಿ. ಆ ಕಲ್ಲುಸಂದಿಯನ್ನೂ ನೀನೇ ಇಟ್ಕೋ!"

ಮುಳ್ಳುಹಂದಿ ಹಲ್ಲಿನಿಂದ ಕಚ್ಚಿ, ಮೆಲ್ಲಗೆ ಮುಳ್ಳು ಎಳೆದ.

"ನೋವಲ್ಲಿ ಇರೋನನ್ನ ಏನು ಕೇಳೋದು? ಈ ತಂಗಿ ನನ್ನ ಏನೂ ಕೇಳಲಿಲ್ಲ. ಹೋಗು, ನಿನ್ನ ಮನೆ ನಿನಗೇ ಇರಲಿ."

ನರಿ ತಲೆ ಎತ್ತಲಿಲ್ಲ. ಕುಂಟುತ್ತಾ ಹೋದ.

ಮುಳ್ಳುಹಂದಿ ಆ ಮುಳ್ಳನ್ನು ಒರೆಸಿ, ಇದ್ದ ಮೂಲೆಯಲ್ಲೇ ಇಟ್ಟ. ಆಮೇಲೆ ದಿನಾ ಗೆಡ್ಡೆ ಅಗೆದು ಬರುವಾಗ, ಎಳೆ ಗರಿಕೆ ಒಂದು ಹಿಡಿ ತಂದು ಮೊಲದ ಪೊದೆಯ ಮುಂದೆ ಇಡುತ್ತಿದ್ದ.

"ಇದ್ಯಾಕಣ್ಣ? ಗರಿಕೆ ನನ್ನ ಬಾಗಿಲಲ್ಲೇ ಬೆಳೆಯುತ್ತೆ" ಎಂದಳು ಮೊಲ.

"ಹೂಂ" ಎಂದ ಮುಳ್ಳುಹಂದಿ.

ಈ ಹೂಂ ಅವನದೇ.

ನೀತಿ: ನೊಂದು ಮಂಕಾದವರಿಂದ ಹೂಂ ಅನ್ನಿಸಿಕೊಂಡು ಪಡೆದದ್ದು ನಮ್ಮದಾಗುವುದಿಲ್ಲ. ಆ ಹೊತ್ತಿನಲ್ಲಿ ಏನೂ ಕೇಳದೆ ಕೊಟ್ಟವರನ್ನು ಮರೆಯಬಾರದು.