ಗಂಡನನ್ನು ಬಿಟ್ಟವಳಿಗೆ ಶಿಕ್ಷೆ

ಹಾಲಿವುಡ್ಡಿನ ಚಿತ್ರಗಳು ಮಾತು ಕಲಿತ ಹೊಸತರಲ್ಲಿ ನಡೆದ ಸಂಗತಿ. ಕಥೆಯಲ್ಲಿ ತಪ್ಪು ಮಾಡಿದವರಿಗೆ ಶಿಕ್ಷೆ ಆಗಲೇಬೇಕು, ಮದುವೆಯನ್ನು ಪವಿತ್ರವೆಂದೇ ತೋರಿಸಬೇಕು ಎಂಬ ಕಟ್ಟಳೆಯಿತ್ತು. ಚಿತ್ರ ತೆಗೆಯುವ ಮೊದಲೇ ಕಥೆಯನ್ನು ಓದಿ ನೋಡುವ ಪರೀಕ್ಷಕ ಪ್ರೆಂಟಿಸ್ ಸಾಹೇಬರ ಮುದ್ರೆ ಬೀಳಬೇಕು. ಮುದ್ರೆಯಿಲ್ಲದ ಸರಕನ್ನು ಯಾವ ಪೇಟೆ ಕೊಂಡೀತು?

ಒಂದು ಕಥೆಯ ನಾಯಕಿ, ದಿನಾ ಬೆಲ್ಟಿನಲ್ಲಿ ಬಾರಿಸುವ ಗಂಡನನ್ನು ಬಿಟ್ಟು, ಬೇರೆ ಊರಲ್ಲಿ ಬ್ರೆಡ್ ಅಂಗಡಿ ಇಟ್ಟಿದ್ದಳು. ಸಾಹೇಬರು ಸಿಡುಕಿದರು. "ಗಂಡನನ್ನು ಬಿಟ್ಟವಳು ಸುಖವಾಗಿರುವುದೇ? ಶಿಕ್ಷೆ ಕೊಡಿ. ರೈಲಿಗೆ ಸಿಗಲಿ, ಕ್ಷಯ ಬರಲಿ, ನಿಮ್ಮಿಷ್ಟ."

ಚಿತ್ರ ತೆಗೆಯುವ ಕಂಪನಿಯ ಬೆರಳಚ್ಚುಗಾರ್ತಿಗೆ ಆ ಹೆಂಗಸನ್ನು ಕೊಲ್ಲುವ ಮನಸ್ಸಾಗಲಿಲ್ಲ. ಕೊನೆಯ ಪುಟ ಬದಲಿಸಿ, ತಾನೇ ಒಯ್ದು ಕೊಟ್ಟಳು.

ಸಾಹೇಬರು ಓದಿದರು. "ವಾಪಸ್ ಗಂಡನ ಮನೆಗೆ ಹೋದಳು, ಸರಿ. ಶಿಕ್ಷೆ ಎಲ್ಲಮ್ಮಾ?"

"ಅದೇ ಶಿಕ್ಷೆ, ಸಾರ್."

"ಗಂಡನ ಮನೆ ಶಿಕ್ಷೆಯೇ? ಮದುವೆ ಪವಿತ್ರ, ಗೊತ್ತೇನು?"

"ಹಾಗಾದರೆ ಬಹುಮಾನ ಅಂತಿಟ್ಟುಕೊಳ್ಳಿ ಸಾರ್. ತಪ್ಪು ಮಾಡಿದವಳಿಗೆ ಬಹುಮಾನ ಕೊಟ್ಟರೆ ಕಟ್ಟಳೆ ಒಪ್ಪುತ್ತದೆಯೇ?"

ಸಾಹೇಬರ ಕಿವಿ ಕೆಂಪಾಯಿತು. ಶಿಕ್ಷೆ ಎಂದರೆ ಮದುವೆಗೆ ಅವಮಾನ, ಬಹುಮಾನ ಎಂದರೆ ನೀತಿಗೆ ಅವಮಾನ. ಅತ್ತ ದರಿ, ಇತ್ತ ಪುಲಿ.

"ಬಾಗಿಲು ತಟ್ಟಲಿ, ಅಲ್ಲಿಗೇ ಮುಗಿಸಿ. ಬಾಗಿಲು ತೆರೆಯುವುದು ಬೇಡ!" ಎಂದು ಮುದ್ರೆ ಒತ್ತಿದರು.

ಚಿತ್ರ ಊರೂರಲ್ಲಿ ಓಡಿತು. ಅವಳು ಬಾಗಿಲು ತಟ್ಟುತ್ತಿದ್ದಂತೆ ಪರದೆ ಕಪ್ಪಾಗುತ್ತಿತ್ತು. ಗಂಡಸರು "ಸದ್ಯ, ಎಲ್ಲ ಸರಿಹೋಯಿತು" ಎಂದು ಹ್ಯಾಟು ಹಾಕಿಕೊಂಡು ಏಳುತ್ತಿದ್ದರು. ಹೆಂಗಸರು ಮಾತ್ರ ಬೇಗ ಏಳುತ್ತಿರಲಿಲ್ಲ.