ಬಿದಿರು ಒಣಗುವ ತನಕ

ಹೊರಟು ಮೂರು ತಿಂಗಳಾಯಿತು, ಹೊಸ್ತಿಲು ದಾಟಿಲ್ಲ. ಯಾರವನು?

ತಲೆ ಕೆರೆದುಕೊಳ್ಳಬೇಡಿ. ಹೊರಟವನಿಗೇ ಗೊತ್ತಿರಲಿಲ್ಲ, ನಿಮಗೆಲ್ಲಿಂದ ಗೊತ್ತಾಗಬೇಕು!

ಹೊಳೆದಂಡೆಯ ಮಠದಲ್ಲಿ ಅಡವಯ್ಯಜ್ಜ ಇದ್ದರು. ಅವರ ಶಿಷ್ಯ ಕರಿಬಸ್ಯಾ. ಓದು ಅಷ್ಟಕ್ಕಷ್ಟೇ, ಕೀಟಲೆಯಲ್ಲಿ ಮಾತ್ರ ಎತ್ತಿದ ಕೈ.

ಒಂದು ದಿನ ಅವನು ಹಸಿ ಬಿದಿರು ಹೊತ್ತು ಬಂದ.

"ಅಜ್ಜಾರ, ಬಿದಿರಿನ ಸೈಕಲ್ ಕಟ್ಟಬೇಕ್ರಿ. ಹೆಂಗ ಸುರು ಮಾಡ್ಲಿ?"

"ಯಾರಿಗೋ?"

"ಹಿಂಗ ಸುಮ್ನರಿ."

ಸುಮ್ಮನೆ ಅಲ್ಲ. ಆಚೆ ಊರಿನ ಮುದುಕಿ ತಿರಕವ್ವನ ಎಮ್ಮೆ ಕಳೆದಿತ್ತು. "ಆಯಿ, ನಿನ್ನ ಎಮ್ಮಿ ನಮ್ಮೂರ ಕೊಂಡವಾಡದಾಗ ಕೂಡಿ ಹಾಕ್ಯಾರ" ಎಂದು ಇವನು ತಮಾಷೆಗೆ ಹೇಳಿದ್ದ. ಮುದುಕಿ ಉರಿಬಿಸಿಲಲ್ಲಿ, ಬರಿಗಾಲಲ್ಲಿ, ಎರಡು ಹರದಾರಿ ಓಡಿ ಬಂದಳು. ಕೊಂಡವಾಡ ಖಾಲಿ. ಇವನು ಕಟ್ಟೆಯ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಅವಳು ಬೈಯಲಿಲ್ಲ. ಅಂಗಾಲಿನ ಬೊಬ್ಬೆ ನೋಡಿಕೊಂಡಳು. ಬಂದ ದಾರಿಯಲ್ಲೇ ಕುಂಟುತ್ತ ಹೋದಳು.

ಅಂದಿನಿಂದ ಇವನಿಗೆ ಊಟ ಸೇರದು. ಅವಳನ್ನು ತನ್ನ ಕೈಯಾರೆ ಕಟ್ಟಿದ ಸೈಕಲ್ಲಿನ ಮೇಲೆ ಕೂರಿಸಿ ಊರೆಲ್ಲ ಸುತ್ತಿಸಬೇಕು, ಆಮೇಲೆ ತಪ್ಪಾಯಿತು ಅನ್ನಬೇಕು. ಅದನ್ನು ಅಜ್ಜನಿಗೆ ಹೇಳಲು ಮಾತ್ರ ನಾಲಿಗೆ ಏಳಲಿಲ್ಲ.

ಅಜ್ಜ ಬಿದಿರಿನ ಕೊಯ್ದ ತುದಿಗೆ ಹೆಬ್ಬೆರಳು ಒತ್ತಿದರು. ಪಸೆ ಅಂಟಿತು.

"ಮೂರು ತಿಂಗಳು ನೆಳ್ಳಾಗ ಒಣಗಬೇಕು. ಹಸೀದು ಕಟ್ಟಿದ್ರ ಆಮ್ಯಾಲ ಸೊರಗತೈತಿ, ಕಟ್ಟು ಸಡ್ಲಾಗತಾವ."

"ಹಸೀದು ಯಾತಕ್ಕೂ ಬರೂದಿಲ್ಲೇನ್ರಿ?"

"ಬರ್ತೈತಿ. ಚಟ್ಟಕ್ಕ."

ಕರಿಬಸ್ಯಾ ಕಿಸಕ್ಕನೆ ನಕ್ಕ.

ಬಿದಿರು ಒಣಗಿತು. ಗುಜರಿಯಿಂದ ಗಾಲಿ, ಹ್ಯಾಂಡಲ್ಲು ತಂದ. ಸಂದುಗಳಿಗೆಲ್ಲ ಅಂಟಿನಲ್ಲಿ ಅದ್ದಿದ ಸೆಣಬಿನ ನಾರು ಬಿಗಿದು ಸುತ್ತಿದ. ಹಿಂದೆ ಕೂರುವಲ್ಲಿ ಮೆತ್ತಗಿರಲಿ ಎಂದು ಕೌದಿ ಮಡಿಸಿ ಕಟ್ಟಿದ. ಒಂದು ಮುಂಜಾನೆ ಹತ್ತಿ ಹೋದವನು ಸಂಜೆಗೆ ತಿರುಗಿ ಬಂದ.

"ಎಲ್ಲಿಗೆ ಹೋಗಿದ್ದೆಪಾ?"

ಎಮ್ಮೆಯಿಂದ ಹಿಡಿದು ಎಲ್ಲ ಹೇಳಿದ.

"ಆಯಿ ಏನಂದ್ಲು?"

"ಹಿಂದ ಕುಂತಳ್ರಿ. 'ಹಗೂರ ಹೊಡಿಯೋ ಮಂಗ್ಯಾ' ಅಂತ ಬೆನ್ನಿಗೆ ಗುದ್ದಿದಳು. ಹಲ್ಲಿಲ್ಲದ ಬಾಯಿ ತುಂಬ ನಕ್ಕಳ್ರಿ ಅಜ್ಜಾರ!"

ಅಜ್ಜ ಎದ್ದು ಹೋಗಿ ಕೌದಿಯ ಮೇಲೆ ಕೈಯಾಡಿಸಿದರು. ಅಂಗೈ ತುಂಬ ದಾರಿಯ ಧೂಳು; ಯಾರೂ ಕೂತ ಗುರುತಿಲ್ಲ.

ಕರಿಬಸ್ಯಾ ನೆಲ ನೋಡಿದ.

"ಆ ಕೊನೀದು ನಾ ಕಟ್ಟಿದ ಕತಿ, ಅಜ್ಜಾರ. ಆಯಿ ತೀರಿ ಒಂಬತ್ತು ದಿನ ಆತಂತ."

ಅವನು ಸೈಕಲ್ಲನ್ನು ಗೋಡೆಗೆ ಒರಗಿಸಿದ.

"ಮೂರು ತಿಂಗಳು ಕಾಯಬೇಕಂತ ನೀವ ಹೇಳಿದ್ರಿ."

ಅಜ್ಜ ಕೈಯ ಧೂಳು ಕೊಡವಲಿಲ್ಲ.

"ಬಿದಿರಿಗೆ ಹೇಳಿದ್ದೆ, ತಮ್ಮಾ."