ಒದ್ದೆಯಾಗದ ಪತ್ರಿಕೆ

ಹಳೆಯ ಕಾರೊಂದರ ರೇಡಿಯೇಟರಿನಲ್ಲಿ ವಾರಕ್ಕೊಂದು ತಂಬಿಗೆ ನೀರು ಕಡಿಮೆಯಾಗುತ್ತಿತ್ತು. ಎಲ್ಲಿ ಸೋರುತ್ತಿದೆಯೆಂದು ತಿಳಿಯಲು ಮೆಕ್ಯಾನಿಕ್ ದಸ್ತಗೀರ್ ಸಂಜೆ ಕಾರಿನಡಿ ಹಳೆಯ ಪತ್ರಿಕೆ ಹಾಸಿ ಹೋದ.

ಬೆಳಿಗ್ಗೆ ಪತ್ರಿಕೆ ಹೇಳಿತು: "ಒಂದು ಹನಿಯೂ ಬಿದ್ದಿಲ್ಲ. ನಿನಗೇನೂ ಆಗಿಲ್ಲ ಬಿಡು."

"ನಿಂತಾಗ ನಾನು ಸೋರುವುದಿಲ್ಲ," ಎಂದಿತು ರೇಡಿಯೇಟರು. "ಓಡಿ ಕಾದಾಗ ಈ ಎಂಜಿನ್ ಮೇಲೆ ಸೋರುತ್ತೇನೆ. ನಾನು ಬರಿದಾದ ದಿನ ಇವನೂ ಸುಟ್ಟುಹೋಗುತ್ತಾನೆ."

"ನನ್ನ ಮೈ ಎಂದೂ ಒದ್ದೆಯಾಗಿಲ್ಲವಲ್ಲ," ಎಂದಿತು ಎಂಜಿನ್.

"ನಿನ್ನ ಕಾವಿಗೆ ಬಿದ್ದಲ್ಲೇ ಆರಿಹೋಗುತ್ತದಪ್ಪ. ಮೈಮೇಲಿನ ಬಿಳಿ ಕಲೆ ನೋಡಿಕೋ."

"ಇದಾ? ನನಗೆ ನರೆ ಬಂತು ಅಂದುಕೊಂಡಿದ್ದೆ," ಎಂದಿತು ಎಂಜಿನ್. "ದಸ್ತಗೀರನಿಗೆ ತೋರಿಸೋಣ."

ದಸ್ತಗೀರ್ ಬಂದವನು ಬಗ್ಗಿ ಒಣ ಪತ್ರಿಕೆಯನ್ನಷ್ಟೇ ನೋಡಿದ. ಒಂದು ತಂಬಿಗೆ ನೀರು ತುಂಬಿ, "ಗಟ್ಟಿಮುಟ್ಟಾಗಿದ್ದೀಯ, ಅಜ್ಜ," ಎಂದು ಬಾನೆಟ್ ಮುಚ್ಚಿದ.